ನೊರೀನ್ ಕಟ್ಟಿದ ಫೀಸು

ಬೆಳಗಿನ ಪಾಳಿಗೆ ಹೋದ ನೊರೀನ್ ಓಲ್ಡ್‌ರಾಯ್ಡ್ ಅರ್ಧ ದಿನವೂ ಆಗುವ ಮೊದಲೇ ಮನೆಗೆ ಬಂದದ್ದು ನನಗೆ ಗೋಡೆಯಾಚೆಯಿಂದಲೇ ತಿಳಿಯಿತು. ಲೀಡ್ಸ್ ಹತ್ತಿರದ ಬ್ಯಾಟ್ಲಿ ಎಂಬ ಊರಿನ ನಮ್ಮ ಬೀದಿಯಲ್ಲಿ ಮನೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಅವರ ಮನೆಯ ಕೆಟಲ್ ಕುದಿದರೆ ನಮ್ಮ ಮನೆಗೆ ಕೇಳುತ್ತದೆ. ಅವತ್ತು ಕೆಟಲ್ ಕುದಿಯಿತು, ಆರಿತು, ಮತ್ತೆ ಕುದಿಯಿತು. ಕಪ್ಪು ತೆಗೆದ ಸದ್ದು ಮಾತ್ರ ಆಗಲಿಲ್ಲ. ಸ್ವಲ್ಪ ಹೊತ್ತು ಕಾದು, ಹಾಕಿಕೊಂಡಿದ್ದ ಏಪ್ರನ್ನಿನಲ್ಲೇ ಹೋಗಿ ಬಾಗಿಲು ತಟ್ಟಿದೆ.

"ಕೆಲಸದಿಂದ ತೆಗೆದುಹಾಕಿಬಿಟ್ರು ಕಣೇ ಡಿಲಿಸ್," ಅಂದಳು. ಕೋಟು ಇನ್ನೂ ಬಿಚ್ಚಿರಲಿಲ್ಲ.

ಅದು ಎರಡು ಸಾವಿರದ ಹದಿನಾಲ್ಕರ ಜೂನ್. ನೊರೀನ್‌ಗೆ ಆಗ ಐವತ್ತೇಳು. ಊರಿನ ಕೆಳಗಡೆ, ರೈಲು ಹಳಿಯ ಪಕ್ಕದಲ್ಲಿದ್ದ ಕ್ರಾಬ್‌ಟ್ರೀ ಹಾಸಿಗೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಹೊಲಿಗೆಯ ಕೆಲಸ ಮಾಡುತ್ತಿದ್ದಳು. ಸ್ಪ್ರಿಂಗು, ಸ್ಪಂಜು, ಬಟ್ಟೆ ಎಲ್ಲ ಸೇರಿದ ಮೇಲೆ ಹಾಸಿಗೆಯ ಅಂಚಿನ ಸುತ್ತ ಪಟ್ಟಿ ಹಚ್ಚಿ ಹೊಲಿದು ಬಾಯಿ ಮುಚ್ಚಬೇಕು. ಯಂತ್ರ ದೊಡ್ಡದು, ಹಾಸಿಗೆ ಅದಕ್ಕಿಂತ ದೊಡ್ಡದು. ಮೂಲೆ ಬಂದಾಗ ಎರಡೂ ಕೈಯಿಂದ ತಿರುಗಿಸಿ, ಮಂಡಿಯಿಂದ ಒತ್ತಿ, ನೆರಿಗೆ ಬೀಳದ ಹಾಗೆ ಸಾಗಿಸಬೇಕು. ಮಂಡಿ ಸೋಲುವ ತನಕ ನಾನೂ ಅವಳ ಪಕ್ಕದ ಯಂತ್ರದಲ್ಲೇ ಇದ್ದವಳು. ಮೂಲೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ ಎಂದು ಹೇಳಲಾರೆ. ಇದ್ದರು. ಆದರೆ ಅವಳ ಹಾಗೆ ಒಂದು ದಿನವೂ ತಪ್ಪಿಸದೆ ಬರುವವರು ಇರಲಿಲ್ಲ.

ಗಂಡ ಡೆರಿಕ್ ತೀರಿಹೋಗಿ ನಾಲ್ಕೈದು ವರ್ಷವಾಗಿತ್ತು. ಮಕ್ಕಳಿಲ್ಲ. ಹಿಂದಿನ ಚಳಿಗಾಲದಲ್ಲಿ ಅಕ್ಕ ಏವ್ರಿಲ್‌ಗೆ ಲಕ್ವ ಹೊಡೆದ ಮೇಲೆ ಅವಳನ್ನು ತನ್ನ ಮನೆಗೇ ಕರೆತಂದು ಇಟ್ಟುಕೊಂಡಿದ್ದಳು. ಏವ್ರಿಲ್ ಎಂದರೆ ಊರಿಗೆಲ್ಲ ಗೊತ್ತು. ಮೂವತ್ತು ವರ್ಷ ಕಾರ್ಮಿಕರ ಕ್ಲಬ್ಬಿನಲ್ಲಿ ವೇದಿಕೆ ಮೇಲೆ ನಿಂತು ಬಿಂಗೋ ಆಟದ ಸಂಖ್ಯೆ ಕೂಗಿದವಳು. ಅವಳ ನಾಲಿಗೆಗೆ ಹೆದರಿ ಗಂಡಸರು ಮುಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲ. ಲಕ್ವ ಆ ನಾಲಿಗೆಯನ್ನೇ ಹಿಡಿಯಿತು. ನೀರು, ಅನ್ನ, ನೋವು ಎನ್ನುವ ಮಾತು ಬರುತ್ತಿರಲಿಲ್ಲ. ಆದರೆ ಅಡ್ಡಹೆಸರಿನ ಸಮೇತ ಆಟದ ಸಂಖ್ಯೆಗಳೂ ಬೈಗುಳಗಳೂ ಮಾತ್ರ ಅಚ್ಚುಕಟ್ಟಾಗಿ ಬರುತ್ತಿದ್ದವು. ಟೀ ಬೇಕಾದರೆ, "ಎಂಬತ್ತೆಂಟು, ಇಬ್ಬರು ಡುಮ್ಮಿಯರು!" ಎಂದು ಕೂಗುತ್ತಿದ್ದಳು. ನೊರೀನ್ ಒಳಗಿನಿಂದ, "ಬಂದೆ ಕಣೇ ಡುಮ್ಮಿ," ಎನ್ನುತ್ತಿದ್ದಳು.

ಆದದ್ದು ಇಷ್ಟು. ಆ ಮಂಗಳವಾರ ಬೆಳಿಗ್ಗೆ ಏವ್ರಿಲ್‌ಳನ್ನು ನೋಡಿಕೊಳ್ಳಲು ಬರುವ ಹೆಂಗಸು ನೊರೀನ್‌ಗೆ ಫೋನ್ ಮಾಡಿದಳು: ಏವ್ರಿಲ್ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ, ತಲೆಯಿಂದ ರಕ್ತ, ಆಂಬುಲೆನ್ಸ್ ಬರುತ್ತಿದೆ. ಯಂತ್ರದ ಬಳಿ ಫೋನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಆದರೆ ನೊರೀನ್‌ಳ ಮನೆಯ ಸ್ಥಿತಿ ಗೊತ್ತಿದ್ದ ಮೇಲ್ವಿಚಾರಕ ನೆವಿಲ್ ರಾಮ್ಸ್‌ಡನ್, ಜೇಬಿನಲ್ಲಿ ಇಟ್ಕೋ, ನಾನು ನೋಡಿಲ್ಲ ಅಂದ್ಕೋತೀನಿ ಎಂದಿದ್ದ. ಅವಳು ಹೋಗಿ ವಿಷಯ ಹೇಳಿದಾಗ ಅವನು ಕೈ ಬೀಸಿ, "ಹೋಗು ಹೋಗು, ನಾನು ನೋಡ್ಕೋತೀನಿ," ಅಂದ. ಅವಳು ಅರ್ಧ ಹೊಲಿದ ಹಾಸಿಗೆ ಯಂತ್ರದ ಮೇಲೆ ಬಿಟ್ಟು ಓಡಿದಳು. ಆ ರಾತ್ರಿಯೂ ಮರುದಿನವೂ ಆಸ್ಪತ್ರೆಯಲ್ಲೇ ಕಳೆದಳು.

ಕೆಲಸಕ್ಕೆ ಮರಳಿದಾಗ ಜೂಲಿಯನ್ ಕ್ರಾಬ್‌ಟ್ರೀ ಆಫೀಸಿಗೆ ಕರೆಸಿದ. ತಂದೆ ಹಾಸಿಗೆ ಹಿಡಿದ ಮೇಲೆ ಕಾರ್ಖಾನೆ ನೋಡಿಕೊಳ್ಳಲು ಬಂದ ಮಗ ಅವನು. ದೊಡ್ಡ ಅಂಗಡಿಯೊಂದರ ಆರ್ಡರು ಆ ವಾರ ತಡವಾಗಿ, ಅದು ಕೈತಪ್ಪಿಹೋಗಿತ್ತು. ಯಾರ ತಲೆಗಾದರೂ ಕಟ್ಟಬೇಕಿತ್ತು. ಯಾರಿಗೂ ಹೇಳದೆ ಕೆಲಸ ಬಿಟ್ಟು ಹೋದದ್ದು ದೊಡ್ಡ ತಪ್ಪು, ಇವತ್ತಿಗೇ ಮುಗಿಯಿತು ಎಂದ.

"ನೆವಿಲ್‌ಗೆ ಹೇಳಿ ಹೋದೆ," ಅಂದಳು ನೊರೀನ್.

ನೆವಿಲ್ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಜೂಲಿಯನ್ ಅವನ ಕಡೆ ನೋಡಿದ. ನೆವಿಲ್ ತನ್ನ ಬೂಟು ನೋಡಿಕೊಂಡ.

"ಏನೂ ಹೇಳ್ಲಿಲ್ಲ ಡಿಲಿಸ್ ಅವನು," ಎಂದು ನೊರೀನ್ ನನಗೆ ಹೇಳಿದಳು. "ಹೌದು ಅನ್ಲಿಲ್ಲ, ಇಲ್ಲ ಅನ್ಲಿಲ್ಲ. ಬೂಟು ನೋಡ್ತಾ ನಿಂತ. ಹೊಸಾ ಬೂಟೂ ಅಲ್ಲ."

ಅದರ ಹಿಂದೆಯೇ ಇನ್ನೊಂದು ಪೆಟ್ಟು ಬಿತ್ತು. ನಿರುದ್ಯೋಗ ಭತ್ಯೆ ಕೇಳಲು ಹೋದರೆ, ನೀವು ನಿಮ್ಮ ತಪ್ಪಿನಿಂದಲೇ ಕೆಲಸ ಕಳೆದುಕೊಂಡವರು, ಕೆಲವು ವಾರ ಏನೂ ಸಿಗುವುದಿಲ್ಲ ಎಂದರು. ಕಾರ್ಖಾನೆಯವರು ಬರೆದುಕೊಟ್ಟ ಕಾರಣ ಅಲ್ಲಿಗೂ ತಲುಪಿತ್ತು. ಕೌಂಟರಿನ ಹುಡುಗಿ ಒಳ್ಳೆಯವಳೇ. "ನಂಗೆ ಗೊತ್ತಾಗುತ್ತೆ ಆಂಟಿ, ಆದ್ರೆ ಕಂಪ್ಯೂಟರ್ ಬಿಡಲ್ಲ," ಎಂದಳಂತೆ.

ನಾನೇ ಒತ್ತಾಯ ಮಾಡಿ ಅವಳನ್ನು ಪೇಟೆಬೀದಿಯ ಸಲಹಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕೂರುತ್ತಿದ್ದದ್ದು ಫರ್ಜಾನಾ ದಾಜಿ. ಬೆಟ್ಟದ ಮೇಲಿನ ಮಸೀದಿ ಬೀದಿಯ ಗುಜರಾತಿ ಮನೆತನದವಳು, ಇದೇ ಊರಲ್ಲಿ ಹುಟ್ಟಿ ಬೆಳೆದವಳು, ಮಾತು ನಮ್ಮೆಲ್ಲರಿಗಿಂತ ಗಟ್ಟಿ ಬ್ಯಾಟ್ಲಿ ಮಾತು. ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟಳು.

"ಇದು ಅನ್ಯಾಯವಾಗಿ ತೆಗೆದಿರೋದೇ. ಲೀಡ್ಸ್‌ನಲ್ಲಿ ಕಾರ್ಮಿಕರ ನ್ಯಾಯಮಂಡಳಿ ಇದೆ, ಅಲ್ಲಿ ದೂರು ಹಾಕಬಹುದು. ಆದ್ರೆ ನೊರೀನ್, ಮೊದಲೇ ಹೇಳ್ಬಿಡ್ತೀನಿ. ಹೋದ ವರ್ಷದಿಂದ ಅದಕ್ಕೆ ಫೀಸು ಇಟ್ಟಿದ್ದಾರೆ."

"ಎಷ್ಟು?"

"ದೂರು ಹಾಕೋಕೆ ಇನ್ನೂರೈವತ್ತು ಪೌಂಡು."

ನೊರೀನ್ ತಲೆಯಾಡಿಸಿದಳು. ಹೆಚ್ಚು, ಆದರೆ ಕೇಳರಿಯದ ಮಾತಲ್ಲ ಎನ್ನುವ ಹಾಗೆ.

"ಅದು ದೂರು ಹಾಕೋಕೆ ಮಾತ್ರ," ಅಂದಳು ಫರ್ಜಾನಾ. "ಆಮೇಲೆ ವಿಚಾರಣೆ ಆಗ್ಬೇಕು ಅಂದ್ರೆ ಇನ್ನೂ ಒಂಬೈನೂರೈವತ್ತು."

ನೊರೀನ್ ನನ್ನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಕೆಮ್ಮಿನ ಹಾಗೆ ಒಂದೇ ಉಸಿರಿನ ನಗು. "ಕೆಲಸ ಹೋಗಿದೆ ಅಂತ ಹೇಳ್ಕೊಳ್ಳೋಕೆ, ಕೆಲಸ ಇರೋರ ಹತ್ರ ಇರೋ ಅಷ್ಟು ದುಡ್ಡು ಬೇಕಾ?"

ಬಡವರಿಗೆ ವಿನಾಯಿತಿ ಇತ್ತು. ಆದರೆ ಡೆರಿಕ್ ಸತ್ತಾಗ ಬಂದ ವಿಮೆಯ ಹಣ ನೊರೀನ್‌ಳ ಬ್ಯಾಂಕಿನಲ್ಲಿತ್ತು. ಏವ್ರಿಲ್ ಕೂತೇ ಮಹಡಿಗೆ ಹೋಗುವ ಹಾಗೆ ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಕರೆಂಟಿನಿಂದ ಓಡುವ ಕುರ್ಚಿ ಹಾಕಿಸಲು ಎಂದು ಅವಳು ಅದನ್ನು ಮುಟ್ಟದೆ ಇಟ್ಟಿದ್ದಳು. ಆ ಹಣ ಇರುವ ತನಕ ಸರ್ಕಾರದ ಲೆಕ್ಕದಲ್ಲಿ ಅವಳು ಬಡವಳಲ್ಲ.

"ಯೋಚ್ನೆ ಮಾಡಿ," ಅಂದಳು ಫರ್ಜಾನಾ. "ಆದ್ರೆ ಬಹಳ ಮಾಡ್ಬೇಡಿ. ಮೂರು ತಿಂಗಳೊಳಗೆ ಹಾಕ್ಬೇಕು. ಆಮೇಲೆ ಬಾಗಿಲು ಮುಚ್ಚುತ್ತೆ."

ನೊರೀನ್ ಯೋಚನೆ ಮಾಡಿದಳು. ಮಾಡಿದಳು ಎನ್ನುವುದಕ್ಕಿಂತ, ಯೋಚನೆಯನ್ನು ಮನೆಯ ಸುತ್ತ ಹೊತ್ತು ತಿರುಗಿದಳು. ಇದ್ದಕ್ಕಿದ್ದ ಹಾಗೆ ಕಿಟಕಿ ಒರೆಸುವಳು, ಬಟ್ಟೆ ಒಣಹಾಕಿ ಕ್ಲಿಪ್ಪು ಹಾಕುವುದನ್ನೇ ಮರೆಯುವಳು. ಹಲವು ಕಡೆ ಕೆಲಸಕ್ಕೆ ಅರ್ಜಿ ಹಾಕಿದಳು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎನ್ನುವ ಪ್ರಶ್ನೆ ಎಲ್ಲದರಲ್ಲೂ ಇರುತ್ತಿತ್ತು. "ಏನ್ ಬರೀಲಿ ಡಿಲಿಸ್? ಓಡಿಹೋದೆ ಅಂತ ಬರೀಲಾ?" ಎನ್ನುವಳು. ಅವಳನ್ನು ತಿನ್ನುತ್ತಿದ್ದದ್ದು ಅದೇ. ಹನ್ನೊಂದು ವರ್ಷದ ಕೊನೆಗೆ ಹೇಳದೆ ಕೇಳದೆ ಎದ್ದುಹೋದವಳು ಎಂಬ ಮಾತು. ಹಣ ಆಮೇಲಿನ ವಿಷಯ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ತೆಗೆಯುವ ಮೊದಲು, ಅಕ್ಕನನ್ನೇ ಕೇಳಿದಳು. ನಾನೂ ಅಲ್ಲೇ ಇದ್ದೆ.

"ನೋಡು ಏವ್ರಿಲ್. ನಿನ್ನ ಕುರ್ಚಿ ದುಡ್ಡಿದೆಯಲ್ಲ, ಅದ್ರಲ್ಲಿ ಕೈ ಹಾಕ್ಬೇಕಾಗುತ್ತೆ. ಕುರ್ಚಿ ತಡ ಆಗ್ಬೋದು. ನೀನು ಈ ಮುಂದಿನ ಕೋಣೇಲೇ ಮಲಗ್ಬೇಕಾಗುತ್ತೆ, ಬೀದೀಲಿ ಹೋಗೋರೆಲ್ಲ ನಿನ್ನ ಕಾಣ್ತಾರೆ. ಬೇಡ ಅಂದ್ರೆ ಬೇಡ. ನಂಗೇನೂ ಬೇಜಾರಿಲ್ಲ."

ಏವ್ರಿಲ್ ಫೋರ್ಕು ಕೆಳಗಿಟ್ಟಳು. ಬಾಯಿಯ ಒಂದು ಕಡೆ ಮಾತ್ರ ಅಲುಗುತ್ತಿತ್ತು. ಮಾತು ಹುಡುಕುವಾಗ ಅವಳ ಕತ್ತಿನ ನರ ಉಬ್ಬುತ್ತಿತ್ತು. "ಕ... ಕ..." ಎಂದಳು. ನೊರೀನ್ ಮಧ್ಯೆ ಬಾಯಿ ಹಾಕಲಿಲ್ಲ. ಅವಳ ಮಾತನ್ನು ನಾವು ಮುಗಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ಕಟ್ಟು," ಅಂದಳು ಏವ್ರಿಲ್. ಆಮೇಲೆ ಯಾವ ತಡೆಯೂ ಇಲ್ಲದೆ, "ಬಡ್ಡೀಮಗ."

"ನಂಗಲ್ಲ ತಾನೇ?" ಅಂದಳು ನೊರೀನ್.

ಏವ್ರಿಲ್ ಕೈ ಎತ್ತಿ ರೈಲು ಹಳಿಯ ಕಡೆ ತೋರಿಸಿದಳು.

ಫರ್ಜಾನಾಳ ಕಂಪ್ಯೂಟರಿನಲ್ಲಿ ದೂರು ತುಂಬಿ, ನೊರೀನ್ ತನ್ನ ಕಾರ್ಡಿನಿಂದ ಮೊದಲನೆಯ ಫೀಸು ಕಟ್ಟಿದಳು. ಮುಂದಿನ ಮಾರ್ಚಿಗೆ ವಿಚಾರಣೆಯ ದಿನ ನಿಗದಿಯಾಯಿತು. ಕಾರ್ಖಾನೆಯ ವಕೀಲರಿಂದ ಉತ್ತರ ಬಂತು: ಎಲ್ಲ ಸುಳ್ಳು. ರಾಜಿಯ ಮಾತು ಕೇಳಿದರೆ ಆ ಕಡೆಯಿಂದ ಸದ್ದೇ ಇಲ್ಲ.

"ಯಾಕೆ ಮಾತಾಡಲ್ಲ ಅವರು?" ಎಂದು ನಾನು ಫರ್ಜಾನಾಳನ್ನು ಕೇಳಿದೆ.

"ಯಾಕೆ ಮಾತಾಡ್ಬೇಕು? ಎರಡನೇ ಫೀಸು ಕಟ್ತಾರಾ ಇಲ್ವಾ ಅಂತ ಕಾಯ್ತಿದ್ದಾರೆ. ಕಟ್ಟದೇ ಇದ್ರೆ ಕೇಸು ತಾನಾಗೇ ಬಿದ್ದುಹೋಗುತ್ತೆ. ಎಲ್ರೂ ಈಗ ಹೀಗೇ ಮಾಡೋದು. ಮೊದಲು ಈ ಕುರ್ಚಿ ಮುಂದೆ ಸಾಲು ನಿಂತಿರ್ತಿತ್ತು," ಎಂದು ಖಾಲಿ ಬೆಂಚಿನ ಕಡೆ ತೋರಿಸಿದಳು. "ನೋಡಿ ಈಗ. ಮಾಲೀಕರೆಲ್ಲ ಒಂದೇ ವರ್ಷದಲ್ಲಿ ದೇವತೆಗಳಾಗ್ಬಿಟ್ರಾ?"

ಆ ಶರತ್ಕಾಲ, ಆ ಚಳಿಗಾಲ ನೊರೀನ್ ಬಹಳ ದಣಿದಳು. ಅಳುವುದು ಕೂಗುವುದು ಅವಳ ಸ್ವಭಾವವಲ್ಲ. ಅವಳು ನಿಧಾನವಾದಳು, ಅಷ್ಟೆ. ಮೊದಲು ಬೆಟ್ಟದ ದಾರಿಯನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವಳು ಈಗ ಮಧ್ಯದ ದೀಪದ ಕಂಬ ಹಿಡಿದು ನಿಲ್ಲುತ್ತಿದ್ದಳು. ಕ್ರಿಸ್ಮಸ್ ಹತ್ತಿರ ಬಂದಾಗ ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಬೆಳಗಾಗುವ ಮೊದಲು ಎರಡು ಗಂಟೆ, ಸಂಜೆ ಎರಡು ಗಂಟೆ. ಹಾಸಿಗೆ ಕೆಲಸದ ಅರ್ಧ ಸಂಬಳವೂ ಇಲ್ಲ. ಮುಂದಿನ ಕೋಣೆಯಲ್ಲಿ ಏವ್ರಿಲ್‌ಗೆ ಮಂಚ ಹಾಕಿದರು. ಹಗಲಿಡೀ ಅವಳು ಪರದೆ ಸರಿಸಿಕೊಂಡು ಬೀದಿ ನೋಡುತ್ತಾ, ಹೋಗುವವರಿಗೆಲ್ಲ ಒಂದೊಂದು ಸಂಖ್ಯೆ ಕೊಡುತ್ತಿದ್ದಳು. ಅಂಚೆಯವನಿಗೆ ಇಪ್ಪತ್ತೆರಡು.

ಎರಡನೆಯ ಫೀಸಿನ ಗಡುವು ಬಂತು. ನೊರೀನ್ ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಟೋಸ್ಟ್ ಕೊಟ್ಟೆ. ಅದರ ಅಂಚು ಮುರಿದು ತಟ್ಟೆಯ ಸುತ್ತ ಜೋಡಿಸಿದಳೇ ಹೊರತು ತಿನ್ನಲಿಲ್ಲ.

"ಸಾಕಾಗಿದೆ ಕಣೇ. ಬಿಟ್ಬಿಡ್ತೀನಿ."

"ಬಿಟ್ಬಿಡು," ಅಂದೆ ನಾನು. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅವಳ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. "ಆ ದುಡ್ಡಲ್ಲಿ ಏವ್ರಿಲ್‌ನ ಕರ್ಕೊಂಡು ಒಂದ್ ವಾರ ಸಮುದ್ರದ ಹತ್ರ ಹೋಗ್ಬಾ."

"ಹ್ಞೂಂ," ಅಂದಳು. ಇನ್ನೊಂದು ಅಂಚು ಮುರಿದಳು. "ಈಗ ಬಿಟ್ರೆ ಮೊದಲು ಕಟ್ಟಿದ್ದೂ ನೀರಿಗೆ ಹಾಕ್ದಂಗೆ ಅಲ್ವಾ?"

"ಹೌದು."

"ಮತ್ತೆ ಅವನು ಹೇಳಿದ್ದೇ ನಿಜ ಅಂತ ಆಗುತ್ತೆ."

ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡು ಫರ್ಜಾನಾಳ ಬಳಿಗೆ ಹೋದಳು. ಅವಳ ಧೈರ್ಯದ ಬಗ್ಗೆ ಆಮೇಲೆ ಬೀದಿಯವರು ಏನೇನೋ ಹೇಳಿದರು. ನಾನು ಕಂಡದ್ದು ಧೈರ್ಯವಲ್ಲ. ಅರ್ಧ ಬೆಟ್ಟ ಹತ್ತಿದ ಮೇಲೆ ಇಳಿಯುವುದೂ ಅಷ್ಟೇ ದೂರ ಎಂದು ಹತ್ತುತ್ತಾರಲ್ಲ, ಹಾಗೆ.

ಮಾರ್ಚಿನ ಆ ಬೆಳಿಗ್ಗೆ ಏವ್ರಿಲ್ ಬಳಿ ನನ್ನ ನಾದಿನಿಯನ್ನು ಕೂರಿಸಿ ನಾವಿಬ್ಬರೂ ಲೀಡ್ಸ್ ಬಸ್ಸು ಹತ್ತಿದೆವು. ನೊರೀನ್ ಡೆರಿಕ್‌ನ ಅಂತ್ಯಕ್ರಿಯೆಗೆ ತೊಟ್ಟಿದ್ದ ಕಪ್ಪು ಕೋಟು ತೊಟ್ಟಿದ್ದಳು. ಬೇರೆ ಒಳ್ಳೆಯದು ಇರಲಿಲ್ಲ. ಫರ್ಜಾನಾ ಬರೆದುಕೊಟ್ಟ ಪ್ರಶ್ನೆಗಳು ಕೈಚೀಲದಲ್ಲಿದ್ದವು. ವಕೀಲರನ್ನು ಇಡುವಷ್ಟು ಯಾರ ಬಳಿ ಇತ್ತು? ಕೇಳುವುದೂ ಹೇಳುವುದೂ ಎಲ್ಲ ಅವಳೇ.

ವಿಚಾರಣೆಯ ಕೋಣೆ ನಾನಂದುಕೊಂಡ ಹಾಗಿರಲಿಲ್ಲ. ಎತ್ತರದ ಪೀಠವಿಲ್ಲ, ಕೃತಕ ಕೂದಲಿನ ಟೋಪಿಯಿಲ್ಲ. ಶಾಲೆಯ ಕೋಣೆಯಂಥದ್ದು, ನೀರಿನ ಜಗ್ಗು, ನೆಲಕ್ಕೆ ಬೂದು ಬಣ್ಣದ ಕಾರ್ಪೆಟ್ಟು. ನ್ಯಾಯಾಧೀಶೆ ನಮ್ಮದೇ ವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಆಗಾಗ ಮೂಗು ಒರೆಸಿಕೊಳ್ಳುತ್ತಿದ್ದರು. ಜೂಲಿಯನ್ ಮೊದಲು ಮಾತನಾಡಿದ. ಅವನ ಪಕ್ಕದಲ್ಲಿದ್ದ ಯುವ ವಕೀಲ ಹಾಳೆ ತಿರುಗಿಸಿಕೊಡುತ್ತಿದ್ದ. ಆಮೇಲೆ ಸಾಕ್ಷಿ ಹೇಳಲು ನೆವಿಲ್ ಬಂದ.

ಅವನು ಸೊರಗಿದ್ದ. ಪ್ರಮಾಣ ಮಾಡುವಾಗ ಸ್ವರವೇ ಕೇಳಲಿಲ್ಲ, ನ್ಯಾಯಾಧೀಶೆ ಇನ್ನೊಮ್ಮೆ ಹೇಳಿಸಿದರು. ನೊರೀನ್ ತನಗೆ ಏನೂ ಹೇಳಿರಲಿಲ್ಲ ಎಂದು ಅವನು ಬರೆದುಕೊಟ್ಟ ಹೇಳಿಕೆಯಲ್ಲಿತ್ತು. ಅದು ನಿಜವೇ ಎಂದರೆ, ನಿಜ ಎಂದ.

"ಈಗ ನೀವು ಪ್ರಶ್ನೆ ಕೇಳಬಹುದು, ಮಿಸೆಸ್ ಓಲ್ಡ್‌ರಾಯ್ಡ್," ಎಂದರು ನ್ಯಾಯಾಧೀಶೆ.

ನೊರೀನ್ ಕೈಚೀಲದಿಂದ ಹಾಳೆ ತೆಗೆದಳು. ಕನ್ನಡಕ ಹಾಕಿಕೊಂಡಳು. ಓದಲು ಹೊರಟು ನಿಲ್ಲಿಸಿದಳು. ಬಹಳ ಹೊತ್ತು ನೆವಿಲ್‌ನನ್ನೇ ನೋಡಿದಳು. ಸಿಟ್ಟಿನಿಂದಲ್ಲ; ಪಾಳಿಯ ಕೊನೆಯಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತಾಗ ನೋಡುತ್ತಿದ್ದಳಲ್ಲ, ಹಾಗೆ.

"ನೆವಿಲ್, ನಾನು ಹೋದಾಗ ನನ್ನ ಯಂತ್ರದ ಮೇಲೆ ಒಂದು ಹಾಸಿಗೆ ಇತ್ತು. ಎರಡು ಮೂಲೆ ಆಗಿತ್ತು, ಎರಡು ಬಾಕಿ. ಅದನ್ನ ಮುಗಿಸಿದ್ದು ಯಾರು?"

ವಕೀಲ ತಲೆಯೆತ್ತಿದ. ನೆವಿಲ್ ನೀರಿನ ಲೋಟ ಮುಟ್ಟಿದ, ಕುಡಿಯಲಿಲ್ಲ.

"ನಾನೇ," ಅಂದ.

"ಯಾವಾಗ?"

"ಆವಾಗ್ಲೇ. ನೀನು ಹೋದ ತಕ್ಷಣ."

"ನಾನು ಎಲ್ಲಿಗೆ ಹೋದೆ ಅಂದ್ಕೊಂಡೆ?"

ನೆವಿಲ್ ಈ ಸಲ ಬೂಟು ನೋಡಿಕೊಳ್ಳಲಿಲ್ಲ. "ಆಸ್ಪತ್ರೆಗೆ. ಏವ್ರಿಲ್ ಬಿದ್ದಿದ್ಳು. ನಾನೇ ಹೋಗು ಅಂದೆ." ಆಮೇಲೆ ನ್ಯಾಯಾಧೀಶೆಯ ಕಡೆ ತಿರುಗಿ, "ಕ್ಷಮಿಸಿ ಮೇಡಂ. ಫೋನ್ ಇಟ್ಕೊಳ್ಳೋಕೆ ಬಿಟ್ಟಿದ್ದು ನಾನು. ಅದು ಗೊತ್ತಾದ್ರೆ ನನ್ನ ಕೆಲಸಾನೂ ಹೋಗ್ತಿತ್ತು. ಏನೂ ಗೊತ್ತಿಲ್ಲ ಅಂತ ಬರೆದುಕೊಡು ಅಂದ್ರು. ಬರೆದುಕೊಟ್ಟೆ," ಎಂದ.

ವಕೀಲ ಎದ್ದು ಸ್ವಲ್ಪ ಬಿಡುವು ಕೇಳಿದ. ಹೊರಗಿನ ಸಾಲು ಕುರ್ಚಿಗಳ ಬಳಿ ಬಂದು, ಎರಡೂ ಫೀಸು ಮತ್ತು ಮೇಲೆ ಸ್ವಲ್ಪ ಕೊಡುತ್ತೇವೆ, ಇಲ್ಲಿಗೇ ಮುಗಿಸೋಣ, ಯಾರಿಗೂ ಏನೂ ಹೇಳಬಾರದು ಎಂದ. ನೊರೀನ್ ಅವನ ಮಾತು ಪೂರ್ತಿ ಕೇಳಿಸಿಕೊಂಡಳು.

"ನೀನು ಒಳ್ಳೆ ಹುಡುಗ ಕಣಪ್ಪ," ಅಂದಳು. "ಆದ್ರೆ ಒಳಗಿರೋ ಜಡ್ಜಮ್ಮನ ಬಾಯಲ್ಲಿ ಕೇಳೋಕೆ ದುಡ್ಡು ಕಟ್ಟಿದೀನಿ. ಕೇಳ್ಕೊಂಡೇ ಹೋಗ್ತೀನಿ."

ಮಧ್ಯಾಹ್ನದ ಹೊತ್ತಿಗೆ ನ್ಯಾಯಾಧೀಶೆ ಹೇಳಿದರು: ಅನುಮತಿ ಪಡೆದೇ ಹೋಗಿದ್ದಾರೆ, ತೆಗೆದುಹಾಕಿದ್ದು ಅನ್ಯಾಯ. ವರ್ಷದ ಸಂಬಳಕ್ಕೆ ಹತ್ತಿರದಷ್ಟು ಪರಿಹಾರ, ಜೊತೆಗೆ ಎರಡೂ ಫೀಸು ಕಾರ್ಖಾನೆಯವರು ಕೊಡಬೇಕು. ನೊರೀನ್ ಕೈಕಟ್ಟಿ ಕೇಳಿದಳು. ಬಸ್ಸಿನಲ್ಲಿ ಬರುವಾಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬ್ಯಾಟ್ಲಿ ದಾಟಿಹೋಗುವ ತನಕ ನಾನೂ ಎಬ್ಬಿಸಲಿಲ್ಲ. ಮುಂದಿನ ನಿಲ್ದಾಣದಿಂದ ಹಿಂದಕ್ಕೆ ನಡೆದು ಬಂದೆವು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಮೊದಲ ಕಂತು ಎಂದು ಸ್ವಲ್ಪ ಹಣ ಬಂತು. ಆಮೇಲೆ ನಿಂತಿತು. ಬೇಸಿಗೆಯಲ್ಲಿ ನೋಡಿದರೆ ಕಾರ್ಖಾನೆಯ ಗೇಟಿನ ಮೇಲೆ ಬೇರೆ ಹೆಸರು. ಅದೇ ಶೆಡ್ಡು, ಅದೇ ಯಂತ್ರಗಳು, ಅದೇ ಜೂಲಿಯನ್ ಅದೇ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದ. ಹಳೆಯ ಕಂಪನಿ ಕಾಗದದ ಮೇಲಷ್ಟೇ ಉಳಿದಿತ್ತು. ಅದರ ಹೆಸರಿನಲ್ಲಿ ಒಂದು ಸೂಜಿಯೂ ಇರಲಿಲ್ಲ.

"ದಿವಾಳಿ ಆಗಿದ್ರೆ ಸರ್ಕಾರದಿಂದ ಒಂದಿಷ್ಟಾದ್ರೂ ಬರ್ತಿತ್ತು," ಅಂದಳು ಫರ್ಜಾನಾ. "ದಿವಾಳಿನೂ ಆಗ್ಲಿಲ್ಲ ಅವರು. ವಸೂಲಿ ಅಧಿಕಾರಿ ಕಳಿಸ್ಬಹುದು. ಆದ್ರೆ..." ಎಂದು ತಡೆದಳು.

"ಅದಕ್ಕೂ ಫೀಸು," ಅಂದಳು ನೊರೀನ್.

"ಅದಕ್ಕೂ ಫೀಸು."

ಈ ಸಲ ನೊರೀನ್ ನಗಲೂ ಇಲ್ಲ. ಫರ್ಜಾನಾಳ ಕೈ ಹಿಡಿದು, "ನೀನು ಬಹಳ ಮಾಡಿದೆ ಕಣಮ್ಮ. ಸಾಕು," ಎಂದಳು. ಹೊರಗೆ ಬಂದ ಮೇಲೆ ಮಾರುಕಟ್ಟೆಯಲ್ಲಿ ಏವ್ರಿಲ್‌ಗೆ ಎಂದು ಹಂದಿಮಾಂಸದ ಪೈ ಕೊಂಡಳು. ದಾರಿಯಲ್ಲಿ ಅದರ ಬಗ್ಗೆ ಬಿಟ್ಟು ಬೇರೆ ಮಾತಿಲ್ಲ.

ನೆವಿಲ್‌ನ ಕೆಲಸವೂ ಹೋಯಿತು. ಲೀಡ್ಸ್‌ನಿಂದ ಬಂದ ಸ್ವಲ್ಪ ದಿನಕ್ಕೇ ಏನೋ ನೆಪ ಹುಡುಕಿ ತೆಗೆದಿದ್ದರು. ಗೇಟಿಗೆ ಹೊಸ ಹೆಸರು ಬಂದ ವಾರ ಅವನು ನೊರೀನ್‌ಳ ಬಾಗಿಲಿಗೆ ಬಂದ. ಮುಂದಿನ ಕೋಣೆಯ ಕಿಟಕಿಯಿಂದ ಅವನನ್ನು ಮೊದಲು ಕಂಡದ್ದು ಏವ್ರಿಲ್. ಅವಳಿಗೆ ಗೊತ್ತಿದ್ದ ಬೈಗುಳವೆಲ್ಲ ಬೀದಿಗೆ ಕೇಳಿಸಿತು. ಅವನು ಟೋಪಿ ಕೈಯಲ್ಲಿ ಹಿಡಿದು ಅಷ್ಟನ್ನೂ ಕೇಳಿಸಿಕೊಂಡು ನಿಂತ.

ನೊರೀನ್ ಬಾಗಿಲು ತೆರೆದು, "ಒಳಗೆ ಬಾ. ಬೀದಿಗೆಲ್ಲ ಕೇಳ್ತಿದೆ," ಎಂದಳು. ಟೀ ಮಾಡಿದಳು. ದೂರು ಹಾಕುವುದು ಹೇಗೆ ಎಂದು ಅವನು ಕೇಳಿದ. ಫರ್ಜಾನಾಳ ಹೆಸರು, ಕೇಂದ್ರ ತೆರೆದಿರುವ ದಿನ, ಎಷ್ಟು ಕಟ್ಟಬೇಕು ಎಲ್ಲ ಹೇಳಿದಳು. ಎರಡನೆಯ ಫೀಸಿನ ಮಾತು ಬಂದಾಗ ಅವನು ಕಪ್ಪನ್ನು ತಟ್ಟೆಗಿಟ್ಟ.

"ನನ್ನಿಂದಾಗಲ್ಲ ನೊರೀನ್."

"ಗೊತ್ತು."

"ನೀನು ಹೆಂಗೆ ಮಾಡ್ದೆ?"

"ಏವ್ರಿಲ್ ಕುರ್ಚಿ ದುಡ್ಡಲ್ಲಿ," ಅಂದಳು. ಅವನಿಗೆ ಅರ್ಥವಾಗಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಅವನು ದೂರು ಹಾಕಲಿಲ್ಲ.

ಏವ್ರಿಲ್ ಮತ್ತೆ ಮಹಡಿ ಹತ್ತಲಿಲ್ಲ. ಕುರ್ಚಿ ಹಾಕಿಸುವಷ್ಟು ಹಣ ಕೂಡುವ ಮೊದಲು ಅವಳಿಗೆ ಇನ್ನೊಮ್ಮೆ ಲಕ್ವ ಹೊಡೆಯಿತು. ಎರಡು ಸಾವಿರದ ಹದಿನೇಳರ ಜನವರಿಯಲ್ಲಿ, ಆ ಮುಂದಿನ ಕೋಣೆಯಲ್ಲೇ, ನೊರೀನ್ ಕೆಲಸದಿಂದ ಬಂದು ಕೋಟು ಬಿಚ್ಚುತ್ತಿದ್ದಾಗ ತೀರಿಕೊಂಡಳು. ಅಂತ್ಯಕ್ರಿಯೆಗೆ ಕ್ಲಬ್ಬಿನವರೆಲ್ಲ ಬಂದಿದ್ದರು. ನೊರೀನ್ ಎಲ್ಲರಿಗೂ ಹ್ಯಾಮ್ ಸ್ಯಾಂಡ್‌ವಿಚ್ ಹಂಚಿ, ಎಲ್ಲರೂ ಹೋದ ಮೇಲೆ ಮಂಚದ ಹೊದಿಕೆ ಮಡಚಲು ನನ್ನನ್ನು ಕರೆದಳು. ಮಡಚಿದೆವು. ಎರಡು ತುದಿ ಹಿಡಿದು ಹತ್ತಿರ ಬಂದಾಗ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಒಂದು ನಿಮಿಷ ಹಾಗೇ ನಿಂತಳು.

ಅದೇ ವರ್ಷದ ಜುಲೈನಲ್ಲಿ ದೇಶದ ಅತಿ ದೊಡ್ಡ ನ್ಯಾಯಾಲಯ, ಆ ಫೀಸು ಹಾಕಿದ್ದೇ ಕಾನೂನಿಗೆ ವಿರುದ್ಧ ಎಂದಿತು. ಒಂದು ಕಾರ್ಮಿಕ ಸಂಘ ವರ್ಷಗಟ್ಟಲೆ ಹಟ ಹಿಡಿದು ಹೋರಾಡಿತ್ತು. ನ್ಯಾಯದ ಬಾಗಿಲಿಗೆ ಜನ ಬರಲಾಗದಂಥ ಬೆಲೆ ಕಟ್ಟಬಾರದು ಎಂದರಂತೆ. ನೊರೀನ್ ಆರೋಗ್ಯ ಕೇಂದ್ರದ ನೆಲ ಒರೆಸುತ್ತಿದ್ದಾಗ ರೇಡಿಯೋದಲ್ಲಿ ಕೇಳಿದಳು. ಸಂಜೆ ಬಂದು ಹೇಳಿದಳು: "ತಪ್ಪು ಅಂದ್ರಂತೆ ಕಣೇ."

"ಖುಷಿ ಆಯ್ತಾ?"

"ಆಗ್ಬೇಕು ಅಲ್ವಾ?" ಅಂದಳು. "ಒದ್ದೆ ನೆಲದ ಮೇಲೆ ನಿಂತಿದ್ದೆ. ಮತ್ತೆ ಒರೆಸಿದೆ."

ಮುಂದಿನ ವರ್ಷ ಅವಳು ಕಟ್ಟಿದ ಫೀಸು ಚಿಲ್ಲರೆ ಬಡ್ಡಿಯೊಂದಿಗೆ ಸರ್ಕಾರದಿಂದ ಮರಳಿ ಬಂತು. ಬಟ್ಟೆ ಒಗೆಯುವ ಯಂತ್ರ ಕೆಟ್ಟಿತ್ತು, ಹೊಸದು ಕೊಂಡಳು. ಉಳಿದದ್ದನ್ನು ಬ್ಯಾಂಕಿಗೇ ಹಾಕಿದಳು. ಇಷ್ಟರಲ್ಲಿ ಫರ್ಜಾನಾ ಇನ್ನೊಂದು ಮಾತು ಹೇಳಿದ್ದಳು: ಫೀಸಿಗೆ ಹೆದರಿ ಆಗ ದೂರು ಹಾಕದೆ ಇದ್ದವರು ಈಗ ತಡವಾಗಿಯಾದರೂ ಕೇಳಿ ನೋಡಬಹುದು, ನ್ಯಾಯಮಂಡಳಿ ಒಪ್ಪಿದರೂ ಒಪ್ಪಬಹುದು.

"ನೆವಿಲ್‌ಗೆ ಹೇಳ್ಬೇಕು," ಅಂದಳು ನೊರೀನ್.

ನೆವಿಲ್ ಎದೆಯ ಕಾಯಿಲೆ ಹಿಡಿದು, ಬ್ರಿಡ್ಲಿಂಗ್‌ಟನ್ನಿನಲ್ಲಿದ್ದ ಮಗಳ ಮನೆ ಸೇರಿಕೊಂಡಿದ್ದ. ಒಂದು ಶನಿವಾರ ನಾವಿಬ್ಬರೂ ರೈಲಿನಲ್ಲಿ ಹೋದೆವು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಗಾಳಿ ಕಿವಿ ಹರಿಯುವ ಹಾಗೆ ಬೀಸುತ್ತಿತ್ತು. ಬಂದರಿನ ಗೋಡೆಯ ಬಳಿ ಬೆಂಚಿನ ಮೇಲೆ ಮೂವರೂ ಮೀನು ಮತ್ತು ಚಿಪ್ಸ್ ಹಿಡಿದು ಕುಳಿತೆವು. ಅವನ ಉಸಿರು ಸಿಳ್ಳೆ ಹಾಕುತ್ತಿತ್ತು. ನೊರೀನ್ ಫರ್ಜಾನಾ ಹೇಳಿದ್ದೆಲ್ಲವನ್ನೂ ಹೇಳಿದಳು. ಈಗ ಒಂದು ಪೆನ್ನಿಯೂ ಕಟ್ಟಬೇಕಾಗಿಲ್ಲ, ಅರ್ಜಿ ಬೇಕಾದರೆ ನಾನೇ ತುಂಬಿಕೊಡುತ್ತೇನೆ ಎಂದಳು.

ಅವನು ದೋಣಿಗಳ ಕಡೆ ತಿರುಗಿದ. "ಬೇಡ ಬಿಡು ನೊರೀನ್. ಆ ಜೂಲಿಯನ್ ಮುಖ ಇನ್ನೊಂದ್ಸಲ ನೋಡೋ ಶಕ್ತಿ ಇಲ್ಲ."

"ಸರಿ."

"ಇಷ್ಟು ದೂರ ಅದಕ್ಕೇ ಬಂದ್ಯಾ?"

"ಗಾಳಿ ತಗೊಳ್ಳೋಕೂ ಬಂದೆ."

ಅವನು ಏನೋ ಹೇಳಲು ಹೊರಟ. ಬಾಯಿ ತೆರೆದ, ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ತೆರೆದ. "ಆ ದಿನ ಆಫೀಸಲ್ಲಿ ನಾನು..."

"ಲೀಡ್ಸಲ್ಲಿ ಹೇಳಿದ್ಯಲ್ಲ," ಅಂದಳು ನೊರೀನ್. "ಮೀನು ತಿನ್ನು, ತಣ್ಣಗಾಗ್ತಿದೆ."

ಅವನು ತಿಂದ. ಅವಳು ತನ್ನ ಚಿಪ್ಸ್‌ನಲ್ಲಿ ಅರ್ಧವನ್ನು ಅವನ ಕಾಗದಕ್ಕೆ ಸುರಿದು, ಮಡಿಲಿನ ಉಪ್ಪು ಕೊಡವಿಕೊಂಡು, ನಾಲ್ಕು ಗಂಟೆಯ ರೈಲಿಗೆ ಇನ್ನೂ ಹೊತ್ತಿದೆ ಎಂದು ಕಾಲು ಚಾಚಿ ಕುಳಿತಳು.